ಕ್ಯಾಸೆಟ್ಟಿನಲ್ಲಿದ್ದ ತಡೆ

ಐವತ್ತು ದಾಟಿದ ಹೆಂಗಸರು ಏನೇನೋ ಮಾಡುತ್ತಾರೆ. ನಮ್ಮ ಕಡಲತಡಿಯ ಊರು ಲೂನ್ ಕೋವಿನಲ್ಲೇ ಒಬ್ಬಳು ಕೂದಲಿಗೆ ಕೆಂಪು ಬಣ್ಣ ಹಾಕಿಕೊಂಡಳು. ಇನ್ನೊಬ್ಬಳು ಗಂಡನನ್ನು ಬಿಟ್ಟು ತಂಗಿಯ ಮನೆಗೆ ಹೋಗಿ, ಅಲ್ಲಿಯ ಊಟ ಸರಿಹೋಗದೆ ಮೂರೇ ವಾರಕ್ಕೆ ವಾಪಸು ಬಂದಳು. ನಾನು ಅಕಾರ್ಡಿಯನ್ ಕೊಂಡುಕೊಂಡೆ. ಮೂವರಲ್ಲಿ ಮಾಡಿದ್ದನ್ನು ಬಚ್ಚಿಟ್ಟುಕೊಂಡವಳು ನಾನೊಬ್ಬಳೇ.

ಅದು ಸಿಕ್ಕಿದ್ದು ಪಕ್ಕದೂರಿನ ಚರ್ಚಿನಲ್ಲಿ ನಡೆದ ಹಳೆ ಸಾಮಾನಿನ ಮಾರಾಟದಲ್ಲಿ. ಹಿಡಿ ಕಿತ್ತುಹೋದ ಸೂಟ್‌ಕೇಸಿಗೂ ಒಂದು ಒಡಕು ದೀಪಕ್ಕೂ ನಡುವೆ ತಿದಿ ಮುಚ್ಚಿಕೊಂಡು ಕೂತಿತ್ತು. ಎತ್ತಿಕೊಂಡೆ, ನಿಟ್ಟುಸಿರು ಬಿಟ್ಟಿತು. ಇಷ್ಟು ವರ್ಷ ನನಗಾಗಿಯೇ ಕಾದಿತ್ತು, ಈಗ ಗುರುತು ಹಿಡಿಯಿತು ಎಂದು ನನಗೆ ಕಣ್ಣು ತುಂಬಿ ಬಂತು. ಈಗ ಯೋಚಿಸಿದರೆ, ಮುಂದೆ ತನಗೇನು ಕಾದಿದೆ ಎಂದು ಅದಕ್ಕೆ ಆಗಲೇ ಗೊತ್ತಾಗಿತ್ತೆಂದು ಕಾಣುತ್ತದೆ.

ಇದರಲ್ಲಿ ಅರ್ಧ ತಪ್ಪು ನನ್ನ ಅಜ್ಜಿಯದು. ಊರಾಚೆಯ ಬಯಲಿಗೆ ಹಣ್ಣು ಆಯಲು ಹೋಗುವ ಮಕ್ಕಳು ಜೇಬಿನಲ್ಲಿ ಒಂದು ಚೂರು ಬ್ರೆಡ್ ಇಟ್ಟುಕೊಂಡೇ ಹೋಗಬೇಕು, ಇಲ್ಲದಿದ್ದರೆ 'ಆ ಜನ' ಕರೆದುಕೊಂಡು ಹೋಗಿಬಿಡುತ್ತಾರೆ ಎಂದು ಅಜ್ಜಿ ಹೇಳುತ್ತಿದ್ದಳು. ಆ ಜನ ಎಂದರೆ ಮೊಣಕಾಲೆತ್ತರದವರು, ಕೆಂಪು ಟೋಪಿಯವರು, ಮಂಜಿನೊಳಗೆ ವಾಸಿಸುವವರು. ಹಾಗೆ ಬರಿಜೇಬಿನಲ್ಲಿ ಹೋದ ಒಬ್ಬ ಹುಡುಗಿ ಮೂರು ದಿನದ ಮೇಲೆ ಹಿಂದಿರುಗಿದಳಂತೆ. ಅಡಿಯಿಂದ ಮುಡಿಯವರೆಗೆ ಅವಳೇ, ಆದರೆ ಅವಳಲ್ಲ. ಗೋಡೆಯ ಮೇಲಿದ್ದ ಪಿಟೀಲನ್ನು ತೆಗೆದು ನುಡಿಸಿದಳಂತೆ. ಹಸುಗಳು ಮೆಲುಕು ಹಾಕುವುದನ್ನು ಮರೆತು ನಿಂತವಂತೆ.

ನಾನು ಏಳು ಬೇಸಿಗೆ ಬೇಕೆಂದೇ ಬ್ರೆಡ್ಡಿಲ್ಲದೆ ಹೋದೆ. ಯಾರೂ ಕರೆದೊಯ್ಯಲಿಲ್ಲ. ಕಾಲುಚೀಲ ಒದ್ದೆಯಾಯಿತು, ಒಮ್ಮೆ ಟಗರು ಅಟ್ಟಿಸಿಕೊಂಡು ಬಂತು, ಅಷ್ಟೆ. ಆ ಜನಕ್ಕೂ ಕಿವಿ ಇರುತ್ತದೆ. ನಮ್ಮ ಮನೆತನದ ವಿಷಯ ಅವರಿಗೂ ಮುಟ್ಟಿರಬೇಕು.

ಯಾಕೆಂದರೆ ನಮ್ಮೂರಿನಲ್ಲಿ ಮನೆಗಳು ಎರಡೇ ಬಗೆ: ಸಂಗೀತ ಇರುವ ಮನೆ, ಇಲ್ಲದ ಮನೆ. ಹೈನ್ಸ್ ಮನೆಯ ಕೂಸು ಹಲ್ಲು ಬರುವ ಮೊದಲೇ ಅಕಾರ್ಡಿಯನ್ನಿನ ಗುಂಡಿ ಒತ್ತುತ್ತದೆ. ನಾನು ಹುಟ್ಟಿದ್ದು ಕೀಪಿಂಗ್ ಮನೆಯಲ್ಲಿ. ಚರ್ಚಿನಲ್ಲಿ ಹಾಡುತ್ತಿದ್ದ ನನ್ನ ತಾತನನ್ನು ಪಾದ್ರಿಗಳು ಪಕ್ಕಕ್ಕೆ ಕರೆದು, "ನೀನು ತುಟಿ ಆಡಿಸಿದರೆ ಸಾಕಪ್ಪ, ದೇವರಿಗೆ ಅರ್ಥ ಆಗತ್ತೆ" ಎಂದಿದ್ದರು. ತಾತ ಮೂವತ್ತು ವರ್ಷ ಭಕ್ತಿಯಿಂದ ತುಟಿ ಆಡಿಸಿದ.

ಇಪ್ಪತ್ತೇಳು ವರ್ಷ ನಾನು ಏಡಿ ಕಾರ್ಖಾನೆಯಲ್ಲಿ ಏಡಿಕಾಲು ಒಡೆದೆ. ನನ್ನ ಪಕ್ಕದಲ್ಲಿ ನಿಲ್ಲುತ್ತಿದ್ದವಳು ಬ್ಲಾಂಚಕ್ಕ, ನಮ್ಮೂರಿನ ದೊಡ್ಡ ವಾದ್ಯಗಾರ ಸಿರಿಲ್ ಹೈನ್ಸ್ ಮಾಮನ ಹೆಂಡತಿ. ನಾನು ಕೆಲಸ ಮಾಡುತ್ತಾ ಗುನುಗುತ್ತಿದ್ದೆ. ಬ್ಲಾಂಚಕ್ಕ ಎಷ್ಟೋ ವರ್ಷ ತಡೆದುಕೊಂಡಳು. ಒಂದು ದಿನ ಒಂದು ಕ್ಯಾಸೆಟ್ ತಂದುಕೊಟ್ಟು, "ನಮ್ಮನೆ ಅಡಿಗೆಮನೇಲಿ ಅವ್ರು ನುಡಿಸಿದ್ದು, ನಾನೇ ರೆಕಾರ್ಡ್ ಮಾಡಿದ್ದು. ಆ ರಾಗ ಹೀಗಿರೋದಲ್ಲ ಕಣೇ, ಹಾಗಿರತ್ತೆ. ಕೇಳು" ಎಂದಳು. ಆಮೇಲೆ ಬ್ಲಾಂಚಕ್ಕ ತೀರಿಕೊಂಡಳು. ಕ್ಯಾಸೆಟ್ ನನ್ನ ಹೊಲಿಗೆ ಡಬ್ಬಿಯ ತಳದಲ್ಲಿ ಉಳಿಯಿತು. ನನ್ನ ಗುರುಕುಲವೆಲ್ಲ ಅದೇ.

ಅಭ್ಯಾಸ ನಡೆಸಿದ್ದು ಕೊಲ್ಲಿಯ ತುದಿಯಲ್ಲಿ ನನ್ನ ಗಂಡ ಆಂಬ್ರೋಸ್ ಬಲೆಗಳನ್ನಿಡುವ ಕೊಟ್ಟಿಗೆಯಲ್ಲಿ. ಆಂಬ್ರೋಸ್ ಯಾವುದೋ ಪಂಪು ರಿಪೇರಿ ಮಾಡುತ್ತಿದ್ದಾನೆ ಎಂದು ಊರು ನಂಬಿತ್ತು. ಮೊದಲ ದಿನ ಅವನು ಬಾಗಿಲಲ್ಲಿ ನಿಂತು ಬಹಳ ಹೊತ್ತು ಕೇಳಿದ.

"ಹೇಗಿದೆ?" ಅಂದೆ.

"ಅದಕ್ಕೆ ನೋವಾಗ್ತಿದೆ ಕಣೇ," ಅಂದ.

ಹದಿನಾಲ್ಕು ತಿಂಗಳು. ಒಂದೊಂದು ತುಣುಕನ್ನೂ ಹಿಂದಕ್ಕೆ ಸುತ್ತಿ ಸುತ್ತಿ ಕೇಳಿ, ಎಂಟು ಜನ ಸೇರಿ ಕುಣಿಯುವ ಕುಣಿತಕ್ಕೆ ಸಿರಿಲ್ ಮಾಮ ನುಡಿಸುವ ರಾಗವೊಂದನ್ನು ಪೂರ್ತಿ ಕಲಿತೆ. ಅದರಲ್ಲಿ ಒಂದು ವಿಶೇಷವಿತ್ತು. ಎರಡನೆಯ ಸುತ್ತಿನ ಮಧ್ಯೆ, ರಾಗ ಗುಡ್ಡ ಹತ್ತಿ ಇನ್ನೇನು ಇಳಿಯಬೇಕು ಎನ್ನುವಾಗ, ಮಾಮ ಒಂದು ಗಳಿಗೆ ತಡೆಯುತ್ತಿದ್ದರು. ತಾಳ ಹಾಕುವ ಕಾಲೂ ನಿಲ್ಲುತ್ತಿತ್ತು. ಆಮೇಲೆ ಇಳಿಯುತ್ತಿದ್ದರು. ಊರ ಭವನದಲ್ಲಿ ಕುಣಿತಕ್ಕೆ ಅವರು ನುಡಿಸುವಾಗ ಇದನ್ನು ನಾನು ಎಂದೂ ಕೇಳಿರಲಿಲ್ಲ. ಕುಣಿಯುವ ಸಾಮಾನ್ಯರಿಂದ ಅವರು ಇದನ್ನು ಬಚ್ಚಿಡುತ್ತಾರೆ, ವಿದ್ಯೆಯ ತಿರುಳೇ ಈ ತಡೆ ಎಂದು ನಾನು ತೀರ್ಮಾನಿಸಿದೆ. ಒಂದೂವರೆ ತಿಂಗಳು ಅದೊಂದನ್ನೇ ಸಾಧನೆ ಮಾಡಿದೆ. ಆ ಗಳಿಗೆಯಲ್ಲಿ ಕಣ್ಣು ಮುಚ್ಚಿಕೊಳ್ಳುವುದನ್ನು ನಾನೇ ಸೇರಿಸಿದೆ.

ಇಷ್ಟಕ್ಕೇ ನಿಂತಿದ್ದರೆ ಮಾನ ಉಳಿಯುತ್ತಿತ್ತು. ಆದರೆ ಆ ವರ್ಷ ಸಿರಿಲ್ ಮಾಮನಿಗೆ ಎಪ್ಪತ್ತಾರು ತುಂಬಿ ಬೆರಳುಗಳು ಮಡಚದಂತಾದವು. ಜನವರಿ ಆರನೇ ತಾರೀಖು, ಹಳೆ ಪಂಚಾಂಗದ ಕ್ರಿಸ್‌ಮಸ್ಸಿನ ದಿನ, ಊರ ಭವನದಲ್ಲಿ ನಡೆಯುವ ಕುಣಿತಕ್ಕೆ ಈ ಸಲ ಯಂತ್ರದಲ್ಲಿ ಹಾಡು ಹಾಕುವುದೆಂದು ನಿರ್ಧಾರವಾಯಿತು. ಭವನದ ವ್ಯವಸ್ಥೆಯೆಲ್ಲ ನನ್ನ ಗೆಳತಿ ಡಾರ್ಕಸ್‌ಳದು. ಅವಳ ಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದವಳು ನಾನು ಇದ್ದಕ್ಕಿದ್ದಂತೆ, "ಯಂತ್ರ ಬೇಡ, ನಾನು ನುಡಿಸ್ತೀನಿ" ಅಂದುಬಿಟ್ಟೆ. ಅವಳ ಮುಂದೆ ನುಡಿಸಿಯೂ ತೋರಿಸಿದೆ.

"ಚೆನ್ನಾಗೇ ಇದೆ ಕಣೇ," ಅಂದಳು ಡಾರ್ಕಸ್.

ಇದರಿಂದ ಏನೂ ಗೊತ್ತಾಗಲಿಲ್ಲ. ಡಾರ್ಕಸ್ ಪೆಟ್ಟಿಗೆಯಲ್ಲಿ ಮಲಗಿಸಿದ ಹೆಣವನ್ನು ನೋಡಿಯೂ ಚೆನ್ನಾಗೇ ಇದಾರೆ ಅನ್ನುವವಳು. ಅವಳೊಬ್ಬಳೇ ಅಲ್ಲ, ಇಡೀ ಲೂನ್ ಕೋವ್ ಹಾಗೆಯೇ. ಮುಖದೆದುರು ಯಾರೂ ಯಾರಿಗೂ ಕೆಟ್ಟದ್ದಾಗಿದೆ ಅನ್ನುವುದಿಲ್ಲ. ಇನ್ನೂರು ಜನ ಒಂದೇ ಕೊಲ್ಲಿಯಲ್ಲಿ ಚಳಿಗಾಲ ಕಳೆಯಬೇಕಲ್ಲ. ಆರನೇ ತಾರೀಖು ನಾನು ನಗೆಪಾಟಲಾಗುತ್ತೇನೋ ಇಲ್ಲವೋ ಎಂದು ಮೊದಲೇ ತಿಳಿಯುವ ದಾರಿಯೇ ಇರಲಿಲ್ಲ. ಯಂತ್ರ ಬೇಕೋ ಬೇಡವೋ ಎಂದು ನಾಲ್ಕನೇ ತಾರೀಖಿನೊಳಗೆ ಡಾರ್ಕಸ್‌ಗೆ ಖಚಿತವಾಗಿ ಹೇಳಬೇಕಿತ್ತು.

ಉಳಿದದ್ದು ಒಂದೇ ದಾರಿ: ವೇಷ. ಕ್ರಿಸ್‌ಮಸ್ಸಿನ ಹನ್ನೆರಡು ದಿನವೂ ನಮ್ಮಲ್ಲಿ ವೇಷ ಹಾಕಿಕೊಂಡು ಮನೆಮನೆಗೆ ಹೋಗುತ್ತೇವೆ. ಮುಖಕ್ಕೆ ಮುಸುಕು, ಕೈಗೆ ಗವಸು, ಮೈತುಂಬ ಬೇರೆಯವರ ಬಟ್ಟೆ. ದನಿ ಗುರುತು ಸಿಗಬಾರದೆಂದು ಉಸಿರನ್ನು ಒಳಗೆಳೆದುಕೊಂಡೇ ಮಾತಾಡಬೇಕು. ಯಾರೆಂದು ಮನೆಯವರು ಸರಿಯಾಗಿ ಹೇಳಿದರೆ ಮುಸುಕು ತೆಗೆಯಬೇಕು. ಹೇಳುವವರೆಗೆ ಅವರು ನಮ್ಮನ್ನು ಏನು ಬೇಕಾದರೂ ಅನ್ನಬಹುದು, ಅದಕ್ಕೆ ಯಾರೂ ಬೇಸರಪಡುವಂತಿಲ್ಲ. ವರ್ಷದಲ್ಲಿ ನಮ್ಮೂರು ನಿಜ ಹೇಳುವುದು ಆ ಹನ್ನೆರಡೇ ದಿನ.

ಎರಡನೇ ತಾರೀಖು ಸಂಜೆ ಐದಕ್ಕೆ ಕತ್ತಲಾಯಿತು. ನಾವು ಮೂವರು ಹೊರಟೆವು. ಡಾರ್ಕಸ್ ಗಂಡನ ಮಳೆಯಂಗಿ ತೊಟ್ಟು ಬೆನ್ನಿಗೆ ಗೂನು ಕಟ್ಟಿಕೊಂಡಿದ್ದಳು. ಆಂಬ್ರೋಸ್ ಮದುಮಗಳಾಗಿದ್ದ, ಡಾರ್ಕಸ್‌ಳ ಅತ್ತೆಯ ಬಿಳಿ ಗೌನು, ಮುಖಕ್ಕೆ ಕಿಟಕಿಯ ಜಾಲರಿ ಪರದೆ. ನಾನು ಆಂಬ್ರೋಸನ ಉಣ್ಣೆಯ ಒಳಉಡುಪನ್ನು ಮೇಲೆ ಹಾಕಿಕೊಂಡು, ಹೊಟ್ಟೆಗೆ ದಿಂಬು ಕಟ್ಟಿ, ತಲೆಗೆ ದಿಂಬಿನ ಚೀಲ ಏರಿಸಿ ದಪ್ಪ ಗಂಡಸಾಗಿದ್ದೆ. ಎರಡು ದಿಂಬು ತಂದಿದ್ದೆವು, ಒಂದೇ ಸಾಕಾಯಿತು. ಕೈಗೆ ಕಾರ್ಖಾನೆಯ ನೀಲಿ ರಬ್ಬರ್ ಗವಸು. ಊರಿನಲ್ಲಿ ಎಲ್ಲರ ಮನೆಯಲ್ಲೂ ಅವು ಇವೆ, ಗುರುತು ಸಿಗುವುದಿಲ್ಲ.

ನೇರವಾಗಿ ಸಿರಿಲ್ ಮಾಮನ ಮನೆಗೇ ಹೋದೆವು. ಮರ್ಯಾದೆ ಹೋಗುವುದಾದರೆ ದೊಡ್ಡವರ ಕೈಯಲ್ಲೇ ಹೋಗಲಿ ಎಂದುಕೊಂಡೆ.

"ವೇಷದವರನ್ನ ಒಳಗೆ ಬಿಡ್ತೀರಾ?" ಡಾರ್ಕಸ್ ಉಸಿರೆಳೆಯುತ್ತಾ ಕೇಳಿದಳು.

"ಬೂಟಿನ ಹಿಮ ಒದರಿ ಬನ್ನಿ," ಎಂದು ಒಳಗಿನಿಂದ ಟ್ರೈಫೀನಾ ಅತ್ತೆಯ ದನಿ ಬಂತು. ಆಕೆ ಸಿರಿಲ್ ಮಾಮನ ಅಕ್ಕ. ಎಂಬತ್ತೊಂದು ವರ್ಷ. ಬ್ಲಾಂಚಕ್ಕ ಹೋದ ಮೇಲೆ ತಮ್ಮನ ಮನೆಗೆ ಬಂದು ಇದ್ದಾರೆ. ಕೈಯಲ್ಲಿ ಕೋಲು ಇರುತ್ತದೆ, ನಡೆಯಲು ಅದು ಬೇಕಾಗಿಲ್ಲ.

ಅಡಿಗೆಮನೆಯಲ್ಲಿ ನಮ್ಮನ್ನು ಸಾಲಾಗಿ ನಿಲ್ಲಿಸಿ ಅತ್ತೆ ಆ ಕೋಲಿನಿಂದ ಒಬ್ಬೊಬ್ಬರನ್ನೇ ತಿವಿದು ನೋಡಿದರು.

"ಈ ಗೂನಿ ಹೆಂಗಸು. ಈ ಮದುಮಗಳು ಗಂಡಸು, ಮೊಣಕಾಲು ನೋಡು ಸಿರಿಲ್."

"ಯಾವ ಗಂಡಸು ಹೇಳಕ್ಕಾ ಮತ್ತೆ."

"ಇಷ್ಟು ಸೋಮಾರಿ ಮೊಣಕಾಲು ಊರಲ್ಲಿ ನಾಲ್ಕೈದು ಜನಕ್ಕಿದೆ. ತಡಿ, ನೆನಪು ಮಾಡ್ಕೋತೀನಿ."

ಆಂಬ್ರೋಸ್ ಕಮಕ್ ಕಿಮಕ್ ಅನ್ನಲಿಲ್ಲ. ಅವನ ಗುರುತು ಸಿಕ್ಕರೆ ಪಕ್ಕದಲ್ಲಿರುವ ದಪ್ಪನೆಯ ಆಕಾರ ಯಾರದೆಂದು ಹೇಳಲು ಜಾಣತನ ಬೇಕಿರಲಿಲ್ಲ. ಮೂವತ್ತು ವರ್ಷದ ದಾಂಪತ್ಯದಲ್ಲಿ ನನಗಾಗಿ ಅವನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಂತದ್ದು ಅದೇ ಮೊದಲು.

"ಆ ಡುಮ್ಮನ ಹತ್ರ ಪೆಟ್ಟಿಗೆ ಇದೆ," ಸಿರಿಲ್ ಮಾಮ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದರು. "ನುಡಿಸು ನೋಡೋಣ."

ನುಡಿಸಿದೆ. ರಬ್ಬರ್ ಗವಸಿನೊಳಗೆ ಬೆರಳು ಬೆವರಿದವು. ದಿಂಬಿನ ಚೀಲಕ್ಕೆ ಕಣ್ಣಿಗೆಂದು ಮಾಡಿದ ತೂತು ಕಿವಿಯ ಕಡೆಗೆ ತಿರುಗಿತು. ಕತ್ತಲಲ್ಲಿ ಅತ್ತೆಯ ಮಾತು ಕೇಳಿಸಿತು.

"ಇದು ಲಿಯೋ. ಎರಡು ಬೆರಳಿಲ್ವಲ್ಲ, ಅವನು."

"ಲಿಯೋ ಸತ್ತು ಮೂರು ವರ್ಷ ಆಯ್ತಲ್ಲಕ್ಕಾ," ಅಂದರು ಮಾಮ.

"ಅದಕ್ಕೇ ಇಷ್ಟು ನಿಧಾನ."

ಹದಿನಾಲ್ಕು ತಿಂಗಳ ಮೇಲೆ ನನ್ನ ಕಲೆಗೆ ಸಿಕ್ಕ ಮೊದಲ ವಿಮರ್ಶೆ. ಆದರೂ ಬೆರಳು ನಿಲ್ಲಲಿಲ್ಲ. ನಿಲ್ಲಿಸುವುದು ಹೇಗೆಂದು ನಾನು ಕಲಿತಿರಲಿಲ್ಲ, ಕ್ಯಾಸೆಟ್ಟಿನಲ್ಲಿ ಅದು ಇರಲಿಲ್ಲ. ಚೀಲವನ್ನು ಭುಜಕ್ಕೆ ಉಜ್ಜಿ ಸರಿಮಾಡಿಕೊಂಡು ನೋಡಿದರೆ ಟ್ರೈಫೀನಾ ಅತ್ತೆಯನ್ನು ಡಾರ್ಕಸ್ ಕೈಹಿಡಿದು ಕುಣಿಯಲು ಎಬ್ಬಿಸಿದ್ದಳು. ಅತ್ತೆಯ ಹೆಜ್ಜೆ ಹಗುರ. ಎರಡನೆಯ ಸುತ್ತು ಬಂತು. ರಾಗ ಗುಡ್ಡ ಹತ್ತಿತು. ನಾನು ಕಣ್ಣು ಮುಚ್ಚಿ ನನ್ನ ತಡೆಯನ್ನು ತಡೆದೆ.

ಕಣ್ಣು ಬಿಟ್ಟಾಗ ಟ್ರೈಫೀನಾ ಅತ್ತೆಯ ಒಂದು ಕಾಲು ಗಾಳಿಯಲ್ಲಿತ್ತು. ಇಳಿಯಲು ರಾಗವಿಲ್ಲದೆ ಕಾಲು ಅಲ್ಲೇ ನಿಂತಿತ್ತು. ಅತ್ತೆ ವಾಲಿದರು. ಮದುಮಗಳು ಓಡಿಬಂದು ಹಿಡಿದುಕೊಂಡಿತು. ನಾನು ಮುಂದಕ್ಕೆ ನುಡಿಸುತ್ತಲೇ ಇದ್ದೆ.

"ಇವನ ಮನೆ ಹಾಳಾಗ," ಅಂದರು ಅತ್ತೆ. "ಮಧ್ಯದಲ್ಲಿ ಕಾಲು ಹಿಡ್ಕೋತಾನಲ್ಲ."

ಸಿರಿಲ್ ಮಾಮ ನಗಲಿಲ್ಲ. "ಆ ಎರಡನೇ ಸುತ್ತು ಇನ್ನೊಂದ್ಸಲ," ಅಂದರು.

ನುಡಿಸಿದೆ. ತಡೆದೆ.

"ಇನ್ನೊಂದ್ಸಲ."

ಮೂರನೆಯ ಸಲ ನಾನು ಕಣ್ಣು ಮುಚ್ಚಲಿಲ್ಲ. ತಡೆ ಬಂದಾಗ ಮಾಮನ ಬಾಯಿ ತುಸುವೇ ತೆರೆದುಕೊಂಡಿತು. ಆಮೇಲೆ ಮುಚ್ಚಿಕೊಂಡಿತು.

"ಅಕ್ಕಾ, ಇದು ಟೌಟನ್," ಅಂದರು.

"ಯಾವ ಟೌಟನ್?"

"ಬ್ಲಾಂಚ್ ಒಲೆ ಹತ್ರ ಬ್ರೆಡ್ಡಿನ ಹಿಟ್ಟು ತಟ್ಟಿ ಟೌಟನ್ ಕರೀತಾ ಇದ್ಲು. ನಾನು ಇದೇ ಕುರ್ಚೀಲಿ ನುಡಿಸ್ತಿದ್ದೆ, ಕ್ಯಾಸೆಟ್ ಓಡ್ತಿತ್ತು. ಹಿಂದಿನಿಂದ ಬಂದು ಬಿಸಿಬಿಸೀದು ಒಂದನ್ನ ಕಾಕಂಬೀಲಿ ಅದ್ದಿ ನನ್ನ ಬಾಯಿಗೆ ತುರುಕಿದ್ಲು. ನಾಲಿಗೆ ಸುಟ್ಟು ಹೋಯ್ತು. ಒಂದು ತಾಳ ತಪ್ತು."

ನನ್ನ ವಿದ್ಯೆಯ ತಿರುಳು, ಒಂದೂವರೆ ತಿಂಗಳ ಸಾಧನೆ, ಮುಚ್ಚಿದ ಕಣ್ಣು, ಎಲ್ಲವೂ ಒಂದು ತುಂಡು ಕರಿದ ಹಿಟ್ಟು. ದಿಂಬಿನ ಚೀಲದೊಳಗೆ ನನ್ನ ಕಿವಿ ಬಿಸಿಯಾದದ್ದು ನನಗೇ ತಿಳಿಯಿತು.

"ಆ ಕ್ಯಾಸೆಟ್ ಎಲ್ಲಿ ಹೋಯ್ತೋ ಅಂತ ಎಷ್ಟು ಹುಡುಕಿದೀನಿ," ಅಂದರು ಮಾಮ. "ಕಾರ್ಖಾನೇಲಿ ಯಾರಿಗೋ ಕೊಟ್ಟೆ ಅಂದಿದ್ಲು. ಪಕ್ಕದಲ್ಲಿ ನಿಂತು ಗುನುಗೋಳಿಗೆ." ನನ್ನ ನೀಲಿ ಗವಸನ್ನು ಒಮ್ಮೆ ನೋಡಿದರು. "ಫಿಲೊಮಿನಾ. ಮುಸುಕು ತೆಗಿ ಮಗಳೇ."

ತೆಗೆದೆ. ಕೂದಲೆಲ್ಲ ನಿಂತುಕೊಂಡಿತ್ತು. ಅತ್ತೆ ನನ್ನನ್ನೂ ದಿಂಬನ್ನೂ ಬಹಳ ಹೊತ್ತು ನೋಡಿದರು. "ಕೀಪಿಂಗ್ ಮನೆ ಹುಡುಗಿ," ಎಂದು ತಮಗೆ ತಾವೇ ಹೇಳಿಕೊಂಡರು.

ಆರನೇ ತಾರೀಖಿನ ವಿಷಯ ಹೇಳಿದೆ. "ನೀವೇ ಹೇಳಿ ಮಾಮ. ನಿಜ ಹೇಳಿ. ನುಡಿಸಲಾ, ಬೇಡ್ವಾ?"

ಸಿರಿಲ್ ಮಾಮ ನನ್ನ ಮುಖವನ್ನು ನೋಡಿದರು. ಅವರ ಮುಖದಲ್ಲಿ ಇಡೀ ಲೂನ್ ಕೋವಿನ ಸೌಜನ್ಯ ಮೂಡಿತು. "ಚೆನ್ನಾಗೇ ಇದೆಯಮ್ಮ," ಅಂದರು. "ಬಹಳ ಚೆನ್ನಾಗಿದೆ."

"ಹೌದು, ಹೌದು," ಅಂದರು ಅತ್ತೆ. "ಇಂಪಾಗಿದೆ."

ಅಳು ಬರುವಂತಾಯಿತು. ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಬೇಕಾಗಿತ್ತು. ಕೈಯಲ್ಲಿ ದಿಂಬಿನ ಚೀಲವಿತ್ತು. ಏನನ್ನಿಸಿತೋ, ಮತ್ತೆ ತಲೆಗೆ ಏರಿಸಿಕೊಂಡೆ. ಉಸಿರನ್ನು ಒಳಗೆಳೆದುಕೊಂಡು ಕೇಳಿದೆ: "ಈಗ?"

ಮಾಮ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ನೀನು ಯಾರೋ ನಂಗೊತ್ತಿಲ್ಲ," ಎಂದು ಶುರುಮಾಡಿದರು ಸಿರಿಲ್ ಮಾಮ. ಅವರ ದನಿಯೇ ಬೇರೆಯಾಗಿತ್ತು. "ಗೊತ್ತಿಲ್ಲದವರು ಅಂತ ಹೇಳ್ತಿದೀನಿ. ನಿನ್ನ ಎಡಗೈ ಸತ್ತಿದೆ. ಬಲಗೈ ಏಡಿಕಾಲು ಎಣಿಸ್ದಂಗೆ ನುಡಿಸತ್ತೆ, ಒಂದೂ ತಪ್ಪಿ ಹೋಗಬಾರದು ಅಂತ. ಕೆಲವು ಹೋಗಲಿ ಬಿಡು, ಯಾರಿಗೂ ಗೊತ್ತಾಗಲ್ಲ. ತಿದೀನ ಜಗಳಕ್ಕೆ ಎಳ್ಕೊಂಡ ಹಾಗೆ ಎಳೀತೀಯ. ಮತ್ತೆ, ನಿಧಾನ."

"ಲಿಯೋಗಿಂತ ನಿಧಾನ," ಅಂದರು ಅತ್ತೆ.

"ಸತ್ತ ಮೇಲಿನ ಲಿಯೋನಾ, ಮುಂಚಿನವನಾ?" ಎಂದು ಮದುಮಗಳು ಉಸಿರೆಳೆಯುವುದನ್ನು ಮರೆತು ಕೇಳಿತು.

"ಮುಸುಕು ತೆಗಿ ಆಂಬ್ರೋಸ್," ಅಂದರು ಅತ್ತೆ, ಆ ಕಡೆ ತಿರುಗದೆಯೇ.

"ಹಾಗಾದ್ರೆ ಯಂತ್ರಾನೇ ಹಾಕಲಿ ಅಂತೀರಾ," ಚೀಲದೊಳಗಿಂದ ಅಂದೆ. ಒಳಗೆಳೆದ ಉಸಿರಿನಲ್ಲಿ ಅಳುವುದಕ್ಕೆ ಬರುವುದಿಲ್ಲ ಎಂದು ಆಗ ಗೊತ್ತಾಯಿತು. ಬರೀ ಬಿಕ್ಕಳಿಕೆ ಬರುತ್ತದೆ.

"ನಾನೆಲ್ಲಿ ಹಾಗಂದೆ?" ಮಾಮ ತಮ್ಮ ಮಡಚದ ಬೆರಳುಗಳನ್ನು ಮೊಣಕಾಲಿನ ಮೇಲೆ ಹರಡಿಕೊಂಡರು. "ಅಕ್ಕನ ಕಾಲು ಗಾಳೀಲಿ ನಿಂತಿದ್ದು ನೀನೂ ನೋಡಿದೆ. ನಾನಾಗಿದ್ರೆ ನಿಲ್ಲಿಸ್ತಿದ್ದೆ. ಲಿಯೋ ಆಗಿದ್ರೆ ಪೆಟ್ಟಿಗೆ ಕೆಳಗಿಟ್ಟು ಹೊರಗೆ ಹೋಗಿ ಸಿಗರೇಟು ಹಚ್ತಿದ್ದ. ನೀನು ನಿಲ್ಲಿಸ್ಲಿಲ್ಲ. ಕುಣಿಯೋರಿಗೆ ಬೇಕಾಗಿರೋದು ಅದು. ಮಿಕ್ಕಿದ್ದು ಆಮೇಲೆ ಬರತ್ತೆ. ಬರದೇನೂ ಇರಬಹುದು, ನಿಂಗೆ ವಯಸ್ಸಾಯ್ತು. ನುಡಿಸು. ಆದ್ರೆ ಆ ತಡೆ ತೆಗೆದುಬಿಡು. ಎಂಟು ಜನದಲ್ಲಿ ಆರು ಜನಕ್ಕೆ ಮಂಡಿ ಸರಿಯಿಲ್ಲ."

ಕ್ಯಾಸೆಟ್ಟನ್ನು ಮರುದಿನ ಬೆಳಿಗ್ಗೆಯೇ ಅವರಿಗೆ ಕೊಟ್ಟುಬಂದೆ. ಯಂತ್ರ ಬೇಡವೆಂದು ಡಾರ್ಕಸ್‌ಗೆ ಹೇಳಿದೆ. ಉಳಿದ ದಿನಗಳನ್ನೆಲ್ಲ ಆ ತಡೆಯನ್ನು ಮರೆಯುವುದರಲ್ಲಿ ಕಳೆದೆ. ಕಲಿಯುವುದಕ್ಕಿಂತ ಮರೆಯುವುದು ಕಷ್ಟವಾಯಿತು. ಗುಡ್ಡದ ನೆತ್ತಿ ಬಂದಾಗಲೆಲ್ಲ ಬೆರಳು ತಾನಾಗಿ ನಿಲ್ಲುತ್ತಿತ್ತು. ಆಂಬ್ರೋಸ್ ಎದುರು ಕೂತು ಬಲೆ ನೇಯುತ್ತಾ, ಸರಿಯಾಗಿ ಆ ಜಾಗಕ್ಕೆ ಕೆಮ್ಮುತ್ತಿದ್ದ. ಆರನೇ ತಾರೀಖು ಮಧ್ಯಾಹ್ನದ ಹೊತ್ತಿಗೆ ತಡೆ ಹೋಗಿತ್ತು. ಆಂಬ್ರೋಸನ ಗಂಟಲೂ ಹೋಗಿತ್ತು.

ಭವನ ತುಂಬಿತ್ತು. ಮುಸುಕಿಲ್ಲದೆ ಅಷ್ಟು ಜನರ ಎದುರು ಕೂತಾಗ ಮುಖ ಬೆತ್ತಲೆಯಾದಂತೆ ಅನ್ನಿಸಿತು. ಪಕ್ಕದ ಕುರ್ಚಿಯಲ್ಲಿ ಸಿರಿಲ್ ಮಾಮ, ಅವರ ಪಕ್ಕ ಮುಚ್ಚಿದ ತಟ್ಟೆಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಟ್ರೈಫೀನಾ ಅತ್ತೆ. ಎಂಟು ಜನ ಎದುರುಬದುರು ನಿಂತರು. ಡಾರ್ಕಸ್ ಅವರಲ್ಲಿ ಒಬ್ಬಳು. ಅವಳ ಮುಖ ವಿಪರೀತ ಮುಗ್ಧವಾಗಿತ್ತು. ನಾನು ಆಗಲೇ ಅನುಮಾನಪಡಬೇಕಿತ್ತು.

ಶುರುಮಾಡಿದೆ. ಎಡಗೈ ಸತ್ತಂತೆಯೇ ಇತ್ತು, ಬಲಗೈ ಎಣಿಸುತ್ತಿತ್ತು, ಆದರೂ ಹೆಜ್ಜೆಗಳು ನೆಲಕ್ಕೆ ಬೀಳುತ್ತಿದ್ದವು. ನಾನು ಅದುಮಿದ ಗುಂಡಿಗೆ ಬೇರೆಯವರ ಕಾಲು ಏಳುವುದನ್ನು ನೋಡಿದಾಗ ಬಯಲಿನ ಮಂಜು, ಕೆಂಪು ಟೋಪಿ, ಅಜ್ಜಿಯ ಹಸುಗಳು ಎಲ್ಲ ಒಟ್ಟಿಗೆ ನೆನಪಾದವು. ಎರಡನೆಯ ಸುತ್ತು ಬಂತು. ಗುಡ್ಡ ಹತ್ತಿದೆ. ಹತ್ತಿದವಳೇ, ಎಲ್ಲೂ ನಿಲ್ಲದೆ, ನೀರು ಕುಡಿದಷ್ಟು ಸಲೀಸಾಗಿ ಇಳಿದೆ.

ಎಂಟು ಜನರೂ ಒಂದೊಂದು ಕಾಲನ್ನು ಎತ್ತಿ ಹಿಡಿದು ನಿಂತಿದ್ದರು.

ಎಂಟು ಕಾಲು ಗಾಳಿಯಲ್ಲಿ. ಗೋಡೆಗೊರಗಿ ನಿಂತವರೂ ಒಂದು ಕಾಲೆತ್ತಿದ್ದರು. ಒಂದು ಗಳಿಗೆ ಕಾದು ಎಲ್ಲರೂ ಒಟ್ಟಿಗೆ ಇಳಿಸಿದರು. ಭವನದ ನೆಲ ಗುಡುಗಿತು. ಮಾಮನ ಅಡಿಗೆಮನೆಯಲ್ಲಿ ನಡೆದದ್ದನ್ನು ಹೇಳಲು ಡಾರ್ಕಸ್ ನಾಲ್ಕು ದಿನದಲ್ಲಿ ಒಂದು ಮನೆಯನ್ನೂ ಬಿಟ್ಟಿರಲಿಲ್ಲ. ಅವರು ಇಳಿಯುವ ಹೊತ್ತಿಗೆ ನಾನು ಒಂದು ತಾಳ ಮುಂದೆ ಹೋಗಿಬಿಟ್ಟಿದ್ದೆ. ಅವರು ಹಿಂದೆ, ನಾನು ಮುಂದೆ, ಓಡುವ ಬಸ್ಸಿನ ಹಿಂದೆ ಊರೆಲ್ಲ ಓಡಿಬಂದ ಹಾಗೆ.

"ಅವರಿಗೆ ಕಾಯಬೇಕು ಮಗಳೇ," ಅಂದರು ಸಿರಿಲ್ ಮಾಮ. "ಮುಂದಿನ ಸುತ್ತಲ್ಲಿ."

ರಾಗ ತಿರುಗಿ ಮೊದಲಿಗೆ ಬಂತು. ಮತ್ತೆ ಗುಡ್ಡ ಹತ್ತಿತು. ನೆತ್ತಿಯಲ್ಲಿ ತಡೆದೆ. ಮಾಮನ ತಾಳದ ಕಾಲೂ ಪಕ್ಕದಲ್ಲಿ ನಿಂತಿತು. ಆ ಗಳಿಗೆಯಲ್ಲೇ ಅತ್ತೆ ಎದ್ದು, ತಟ್ಟೆಯ ಮುಚ್ಚಳ ಸರಿಸಿ, ಕಾಕಂಬಿ ಸುರಿಯುವ ಟೌಟನ್ ಒಂದನ್ನು ನನ್ನ ಬಾಯಿಗೆ ತುರುಕಿದರು. ಬಿಸಿಯಾಗಿತ್ತು. ಕಾಕಂಬಿ ಗಲ್ಲದಿಂದ ತಿದಿಗೆ, ತಿದಿಯಿಂದ ಗುಂಡಿಗಳಿಗೆ ಇಳಿಯಿತು. ಬೆರಳು ಒಂದೊಂದೂ ಅಂಟಿಕೊಂಡು, ಕಿತ್ತುಕೊಂಡು, ಮುಂದಿನ ಗುಂಡಿಗೆ ಹೋಯಿತು.

"ಹೇಗಿದೆ?" ಎಂದು ಅತ್ತೆ ಕೇಳಿದರು.

ಬಾಯಿ ತುಂಬಿತ್ತು. ಚೆನ್ನಾಗೇ ಇದೆ ಅನ್ನಲಾಗಲಿಲ್ಲ. ನಿಲ್ಲಿಸಲೂ ಇಲ್ಲ.